ಕಾರ್ಡಿನ ಮೇಲರ್ಧ

ಜೂನ್ 3, ಸೋಮವಾರ

ಈ ಡೈರಿ ಡಾಕ್ಟರಮ್ಮನಿಗೆ ಬಂದದ್ದು. ಔಷಧಿ ಕಂಪನಿಯವರು ಪ್ರತಿ ಹೊಸ ವರ್ಷಕ್ಕೆ ಒಂದು ತಂದುಕೊಡುತ್ತಾರೆ. ಡಾಕ್ಟರಮ್ಮ ಮೊದಲ ಪುಟದಲ್ಲಿ ಹೆಸರು ಬರೆದು, ಮರುದಿನದಿಂದ ಅದನ್ನು ಮೇಜಿನ ಕುಂಟುಕಾಲಿನ ಕೆಳಗೆ ಇಡುತ್ತಿದ್ದರು. ಇವತ್ತು ಎಳೆದು ತೆಗೆದೆ. ಮೇಜು ಅಲ್ಲಾಡಿತು. ಅಲ್ಲಾಡಲಿ, ಅದರ ಮೇಲೆ ಬರೆಯುವವರು ಈಗ ಯಾರಿದ್ದಾರೆ?

ಅವರು ಹೋಗಿ ನಿನ್ನೆಗೆ ಆರು ವಾರ. ಆ ಶನಿವಾರ ಸಂಜೆ ಕೈ ತೊಳೆದು ಟವೆಲ್ಲಿಗೆ ಒರೆಸಿಕೊಳ್ಳುತ್ತ, "ಕಾಂಪೌಂಡರೇ, ಸೋಮವಾರ ಸ್ವಲ್ಪ ಬೇಗ ಬನ್ನಿ. ಒಂದು ಕೆಲಸ ಇದೆ" ಅಂದಿದ್ದರು. ಏನು ಕೆಲಸ ಅಂತ ನಾನು ಕೇಳಲಿಲ್ಲ. ಶೀಶೆ ತೊಳೆಯುವುದರಲ್ಲಿ ಮುಳುಗಿದ್ದೆ. ಭಾನುವಾರ ಬೆಳಿಗ್ಗೆ ಪೇಪರ್ ಓದುತ್ತ ಕುರ್ಚಿಯಲ್ಲೇ ಹೋಗಿಬಿಟ್ಟರು. ಊರಿನ ನಾಡಿಯನ್ನೆಲ್ಲ ಹಿಡಿದು ನೋಡಿದವರು ತಮ್ಮದನ್ನು ನೋಡಿಕೊಳ್ಳಲಿಲ್ಲ. ಸೋಮವಾರದ ಹೊತ್ತಿಗೆ ಎಲ್ಲವೂ ಮುಗಿದಿತ್ತು, ಆದರೂ ನಾನು ಏಳೂವರೆಗೆ ಬಂದು ಬಾಗಿಲು ತೆಗೆದು ಕೂತೆ. ಬೇಗ ಬನ್ನಿ ಅಂದಿದ್ದರಲ್ಲ. ಆ ಕೆಲಸ ಏನಿತ್ತು ಅನ್ನುವುದು ಇವತ್ತಿಗೂ ತಲೆ ತಿನ್ನುತ್ತಿದೆ.

ಅವರ ಕೋಣೆಗೂ ನನ್ನ ಔಷಧಿ ಕೋಣೆಗೂ ನಡುವೆ ಒಂದು ಸಣ್ಣ ಕಿಟಕಿ. ಕಾರ್ಡು ಕೊಡುವಾಗ ಪೆನ್ನಿನಿಂದ ಎರಡು ಸಲ ಕುಟ್ಟುತ್ತಿದ್ದರು. ಇಪ್ಪತ್ತೊಂಬತ್ತು ವರ್ಷ ಆ ಸದ್ದಿಗೆ ಗೊಣಗಿಕೊಂಡೇ ಎದ್ದಿದ್ದೇನೆ. ಈಗ ಅದೊಂದು ಸದ್ದು ಕೇಳಿದರೆ ಸಾಕಪ್ಪ ಅನ್ನಿಸುತ್ತದೆ.

ಇವತ್ತು ಅವರ ತಮ್ಮ ಬಂದಿದ್ದರು. ಕಟ್ಟಡ ಅವರದು. ಮರ್ಯಾದಸ್ಥರು. "ತಿಂಗಳ ಕೊನೆಗೆ ಖಾಲಿ ಮಾಡಿಕೊಡಿ. ಕಾರ್ಡುಗಳನ್ನ ಅವರವರಿಗೆ ಕೊಟ್ಟುಬಿಡಿ" ಅಂದರು. ಆಯಿತು ಅಂದೆ.

ಜೂನ್ 5, ಬುಧವಾರ

ಮೇಲಿನ ಕೋಣೆಯಿಂದ ಕಾರ್ಡಿನ ಪೆಟ್ಟಿಗೆ ಇಳಿಸುವ ಕೆಲಸ ಶುರು. ಒಟ್ಟು ಹದಿನಾಲ್ಕು, ಇವತ್ತು ಮೂರು. ಮೆಟ್ಟಿಲ ನಡುವೆ ಗೋಡೆಗೆ ಕಣ್ಣು ಪರೀಕ್ಷೆಯ ಚಾರ್ಟ್ ಇದೆ, ಯಾವಾಗ ನೋಡಿದರೂ ಓರೆ. ಹತ್ತುವಾಗಲೆಲ್ಲ ನಿಂತು ಅದನ್ನು ಸರಿಮಾಡಿ ಮುಂದೆ ಹೋದೆ.

ಹೋದ ವರ್ಷದವರೆಗೆ ಔಷಧಿ ದಾಸ್ತಾನೂ ಮೇಲೆಯೇ ಇತ್ತು. ನನ್ನನ್ನು ಒಂದು ಮಾತೂ ಕೇಳದೆ ಡಾಕ್ಟರಮ್ಮ ಎಲ್ಲವನ್ನೂ ಮೆಟ್ಟಿಲ ಕೆಳಗಿನ ಬೀರುವಿಗೆ ಹಾಕಿಸಿದರು. ನಾಲ್ಕು ದಿನ ಮುಖ ಊದಿಸಿಕೊಂಡು ಓಡಾಡಿದೆ. ನನ್ನನ್ನು ಮುದುಕರ ಸಾಲಿಗೆ ಸೇರಿಸಿದರಲ್ಲ ಅಂತ ಸಿಟ್ಟು. ಇವತ್ತು ಖಾಲಿ ಮೇಲ್ಕೋಣೆ ನೋಡಿದಾಗ ಆ ಸಿಟ್ಟು ಇನ್ನೂ ಒಂದು ಚಿಟಿಕೆ ಉಳಿದಿದೆ ಅಂತ ಗೊತ್ತಾಯಿತು.

ಮೂರನೆಯ ಪೆಟ್ಟಿಗೆಯ ಹೊತ್ತಿಗೆ ಎದೆಯ ನಡುವೆ ಹಿಡಿದುಕೊಂಡಿತು. ಗ್ಯಾಸು. ಗುಲಾಬಿ ಮಿಕ್ಸ್ಚರ್ ಕುಡಿದೆ. ನಾನೇ ಬೆರೆಸಿದ್ದು, ಊರೆಲ್ಲ ಕುಡಿದು ಬದುಕಿಕೊಂಡಿದೆ. ಸ್ವಲ್ಪ ಕೂತ ಮೇಲೆ ಹೋಯಿತು.

ಮನೆಯಲ್ಲಿ ನನ್ನವಳು, "ಏನ್ರೀ, ಮುಖ ಯಾಕೆ ಹೀಗೆ ಬೆವರಿದೆ?" ಅಂದಳು.

"ಸೆಕೆ."

"ಫ್ಯಾನು ನಿಮ್ಮ ತಲೆ ಮೇಲೇ ತಿರುಗ್ತಾ ಇದೆ."

"ಹಾಗಾದ್ರೆ ಅದರದ್ದೇ ಸೆಕೆ" ಅಂದೆ. ಅವಳು ನಗಲಿಲ್ಲ.

ಜೂನ್ 7, ಶುಕ್ರವಾರ

ಕಾರ್ಡು ತೆಗೆದುಕೊಂಡು ಹೋಗಿ ಅಂತ ಬಾಗಿಲಿಗೆ ಚೀಟಿ ಅಂಟಿಸಿದ್ದೇನೆ. ಜನ ಬರುತ್ತಾರೆ, ಕಾರ್ಡು ಇಸಿದುಕೊಳ್ಳುತ್ತಾರೆ, ಆಮೇಲೆ ಹೋಗುವುದೇ ಇಲ್ಲ. ಬೆಂಚಿನ ಮೇಲೆ ಕೂತುಬಿಡುತ್ತಾರೆ. ದರ್ಜಿ ಒಂದು ಗಂಟೆ ಕೂತ. ಅವನ ಕೈ ನಡುಗುತ್ತದೆ, ಸೂಜಿಗೆ ದಾರ ಪೋಣಿಸಲು ಹೆಂಡತಿ ಬೇಕು. "ಅಮ್ಮ ಇದ್ದಾಗ ಇಲ್ಲಿ ಬಂದು ಕೂತ್ರೆ ಅರ್ಧ ವಾಸಿಯಾಗೋದು" ಅಂದ.

"ಈಗ ಕೂತಿದ್ದೀಯಲ್ಲ, ಆಯ್ತಾ ಅರ್ಧ?" ಅಂದೆ.

"ಇನ್ನೂ ಕಾಲು ಭಾಗ ಅಷ್ಟೇ ಆಗಿದೆ" ಅಂದು ಇನ್ನೂ ಅರ್ಧ ಗಂಟೆ ಕೂತ. ಕೆಲಸ ಕೆಟ್ಟಿತು ಅಂತ ಗೊಣಗಿದೆ. ಅವನು ಹೋದ ಮೇಲೆ ಬೆಂಚು ನೋಡಲಾಗಲಿಲ್ಲ, ಒಳಗೆ ಹೋಗಿ ತೊಳೆದಿಟ್ಟ ಶೀಶೆಗಳನ್ನೇ ಮತ್ತೆ ತೊಳೆದೆ.

ಜೂನ್ 12, ಬುಧವಾರ

ದೊಡ್ಡ ಎಡವಟ್ಟು. ಮೂರು ಬೀದಿ ಆಚೆಯ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಒಬ್ಬ ಹೊಸ ಡಾಕ್ಟರು ಬಂದಿದ್ದಾರೆ. ಹುಡುಗ ಡಾಕ್ಟರು ಅಂತಲೇ ಎಲ್ಲರೂ ಕರೆಯುವುದು, ಮೀಸೆ ಇನ್ನೂ ಗಟ್ಟಿಯಾಗಿಲ್ಲ. ರಿಟೈರಾದ ಮೇಷ್ಟ್ರು ಕಾರ್ಡು ಹಿಡಿದುಕೊಂಡು ಅವರ ಹತ್ತಿರ ಹೋಗಿದ್ದಾರೆ. ಅವರು ಕೊಟ್ಟ ಮಾತ್ರೆ ಒಂದು ದಿನ ನುಂಗಿದ್ದಕ್ಕೆ ಮೇಷ್ಟ್ರ ಮುಖವೆಲ್ಲ ಬಾತು ಕಣ್ಣೇ ಮುಚ್ಚಿಹೋಗಿದೆ. ಸಲ್ಫಾ ಔಷಧಿ ಅವರ ಮೈಗೆ ಆಗುವುದಿಲ್ಲ. ಕಾರ್ಡಿನಲ್ಲಿ ಔಷಧಿ ಪಟ್ಟಿಯ ಪಕ್ಕದಲ್ಲೇ ಕೆಂಪು ಶಾಯಿಯಲ್ಲಿ ಬರೆದಿದೆ. ಆದರೆ ಡಾಕ್ಟರಮ್ಮನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಅದನ್ನು ಓದಬಲ್ಲವನು ಭೂಮಿಯ ಮೇಲೆ ನಾನೊಬ್ಬನೇ.

ಮಧ್ಯಾಹ್ನ ಹುಡುಗ ಡಾಕ್ಟರೇ ಆ ಕಾರ್ಡು ಹಿಡಿದು ನಡೆದುಕೊಂಡು ಬಂದರು. ಬೈಯಬೇಕು ಅಂತ ಬಾಯಿ ತೆರೆದಿದ್ದೆ. ಅವರು ಬೆಂಚಿನ ಮೇಲೆ ಕೂತು, "ತಪ್ಪು ನಂದೇ ಸರ್. ಓದೋಕೆ ಆಗ್ಲಿಲ್ಲ ಅಂದ್ರೆ ಕೇಳ್ಬೇಕಿತ್ತು. ಮೇಷ್ಟ್ರು ಈಗ ಪರವಾಗಿಲ್ಲ" ಅಂದರು. ಬೈಗುಳ ನುಂಗಿಕೊಂಡು ಟೀ ತರಿಸಿದೆ.

"ದಿನಕ್ಕೆ ಹತ್ತು ಜನ ಈ ಕಾರ್ಡು ತರ್ತಾರೆ. ನನಗೆ ಒಂದು ಸಾಲೂ ಅರ್ಥ ಆಗಲ್ಲ. ನೀವು ಬಿಡಿಸಿ ಬರೆದುಕೊಡ್ತೀರಾ?"

ಬರೆದುಕೊಡಬಹುದು. ಆದರೆ ಕಾರ್ಡು ಬಿಚ್ಚಬೇಕಾಗುತ್ತದೆ.

ಇದನ್ನು ಬರೆದಿಡಬೇಕು. ಒಂದು ಮನೆಗೆ ಒಂದು ಲಕೋಟೆ, ಒಬ್ಬೊಬ್ಬರಿಗೆ ಒಂದು ಕಾರ್ಡು, ನಡುವೆ ಮಡಿಕೆ. ಮೇಲರ್ಧದಲ್ಲಿ ಡಾಕ್ಟರಮ್ಮ ಕೇಳಿದ್ದು ಕಂಡದ್ದು, ಕೆಳಗಿನ ಅರ್ಧದಲ್ಲಿ ನಾನು ಕೊಡಬೇಕಾದ ಔಷಧಿ. ಕಿಟಕಿಯಿಂದ ಬರುವಾಗ ಮೇಲರ್ಧ ಒಳಮಡಿಕೆಯಲ್ಲಿ ಇರುತ್ತಿತ್ತು. ಲಕೋಟೆಗೆ ಹಾಕಿ ತೆಗೆದಿಡುವುದೂ ಅವರೇ. ಕೆಲಸಕ್ಕೆ ಸೇರಿದ ದಿನವೇ ಹೇಳಿದ್ದರು: "ಕೆಳಗಿಂದು ನಿಮ್ಮದು. ಮೇಲಿಂದು ಅವರದು." ಇಪ್ಪತ್ತೊಂಬತ್ತು ವರ್ಷದಲ್ಲಿ ಒಂದು ಕಾರ್ಡನ್ನೂ ನಾನು ಬಿಚ್ಚಿಲ್ಲ.

ಹೊರಡುವಾಗ ಅವರನ್ನು ಒಂದು ಮಾತು ಕೇಳಿದೆ. "ನಮ್ಮ ಪೇಷಂಟ್ ಒಬ್ಬರಿಗೆ ಮೆಟ್ಟಿಲು ಹತ್ತಿದ್ರೆ ಎದೆ ಬಿಗಿಯುತ್ತಂತೆ, ದವಡೆವರೆಗೂ ಬರುತ್ತಂತೆ. ಗ್ಯಾಸೇ ಅಲ್ವಾ?"

"ವಯಸ್ಸೆಷ್ಟು?"

"ನನ್ನಷ್ಟೇ. ಐವತ್ತೊಂಬತ್ತು."

"ಇವತ್ತೇ ಕಳಿಸಿ ಅವರನ್ನ."

ಹುಡುಗರು. ಎಲ್ಲದಕ್ಕೂ ಗಾಬರಿ.

ಜೂನ್ 14, ಶುಕ್ರವಾರ

ಒಂದು ದಾರಿ ಹೊಳೆಯಿತು. ಬಂದವರನ್ನೇ ಕೇಳುವುದು. "ಮೇಲಿನದನ್ನ ನಾನು ಓದ್ಲಾ?" ಹೂಂ ಅಂದರೆ ಅವರ ಎದುರಿಗೇ ಬಿಚ್ಚಿ, ಅವರ ಎದುರಿಗೇ ದುಂಡಗೆ ಹೊಸ ಕಾರ್ಡಿಗೆ ಇಳಿಸುವುದು, ಮಡಿಸಿ ಕೊಡುವುದು. ಇವತ್ತು ಇಪ್ಪತ್ತೆರಡು ಕಾರ್ಡು ಮುಗಿಯಿತು.

ಮೊದಲನೆಯದು ದರ್ಜಿಯದು. ಮೇಲರ್ಧದಲ್ಲಿ ಬಿಪಿ, ಸಕ್ಕರೆ ಇರುತ್ತದೆ ಅಂದುಕೊಂಡಿದ್ದೆ. ಇತ್ತು. ಅದರ ಕೆಳಗೆ: "ಮಗ ಫೋನ್ ಮಾಡದ ವಾರ ನಡುಕ ಹೆಚ್ಚು. ಮೊದಲು ಮಗನ ಸುದ್ದಿ ಕೇಳು, ಆಮೇಲೆ ಕೈ ನೋಡು."

ಅವನಿಗೆ ಓದಿ ಹೇಳಿದೆ. ಅವನು ತನ್ನ ಕೈಯನ್ನೇ ನೋಡಿಕೊಂಡ. "ನನಗೇ ಇದು ಗೊತ್ತಿರ್ಲಿಲ್ಲ" ಅಂದ. "ಮಗ ಏನಂತಾನೆ?" ಅಂತ ಕೇಳಿದೆ. ಮುಕ್ಕಾಲು ಗಂಟೆ ಹೇಳಿದ.

ಜೂನ್ 17, ಸೋಮವಾರ

ತಲೆನೋವಿನವಳು ಬಂದಿದ್ದಳು. ಆ ಅಡ್ಡಹೆಸರು ಇಟ್ಟವನು ನಾನೇ. ಬಸ್ ಡ್ರೈವರನ ಹೆಂಡತಿ. ಹನ್ನೆರಡು ವರ್ಷದಿಂದ ತಿಂಗಳಿಗೆರಡು ಸಲ ತಲೆನೋವು ಅಂತ ಬರುತ್ತಾಳೆ, ಒಳಗೆ ಅರ್ಧ ಗಂಟೆ ಕೂರುತ್ತಾಳೆ, ಕೊನೆಗೆ ಕಿಟಕಿಗೆ ಬರುವುದು ಬರೀ ಎರಡು ಮಾತ್ರೆ ಬರೆದ ಕಾರ್ಡು. ಹೊರಗೆ ಜ್ವರದ ಮಕ್ಕಳು ಕಾಯುತ್ತಿರುವಾಗ ಇವಳಿಗೇನು ಧಾಡಿ ಅಂತ ಎಷ್ಟು ಸಲ ಗೊಣಗಿಲ್ಲ! ಅವಳಿಗೆ ಕೇಳಿಸುವ ಹಾಗೇ ಗೊಣಗಿದ್ದೇನೆ.

"ಮೇಲಿನದನ್ನ ನಾನು ಓದ್ಲಾ?"

ಬಾಗಿಲ ಕಡೆ ಒಮ್ಮೆ ತಿರುಗಿ ನೋಡಿದಳು. "ಓದಿ. ಜೋರಾಗಿ ಓದ್ಬೇಡಿ" ಅಂದಳು.

ಓದಿದೆ. ಅಲ್ಲಿದ್ದದ್ದನ್ನು ಇಲ್ಲಿ ಬರೆಯುವುದಿಲ್ಲ. ಅದು ಅವಳದು. ತಲೆನೋವು ಅನ್ನುವ ಮಾತು ಹನ್ನೆರಡು ವರ್ಷದ ಕಾರ್ಡಿನಲ್ಲಿ ಒಂದೇ ಒಂದು ಸಲ ಇತ್ತು. ಕೊನೆಯ ಸಾಲು ಮಾತ್ರ ಬರೆದುಕೊಳ್ಳುತ್ತೇನೆ: "ಇಲ್ಲಿ ಕೂತ ಅರ್ಧ ಗಂಟೆಯೇ ಇವಳ ಔಷಧಿ. ಕಡಿಮೆ ಮಾಡಬಾರದು."

ಬರೆದು ಮಡಿಸಿ ಕೊಟ್ಟೆ. ಕೈ ಮುಗಿದೆ. "ಕ್ಷಮಿಸಮ್ಮ" ಅಂದೆ. ಯಾಕೆ ಅಂತ ಅವಳು ಕೇಳಲಿಲ್ಲ. ಬೆಂಚಿನ ಮೇಲೆ ಅರ್ಧ ಗಂಟೆ ಕೂತು ಹೋದಳು. ಅಷ್ಟು ಹೊತ್ತೂ ನಾನು ಬೇರೆ ಯಾರನ್ನೂ ಒಳಗೆ ಕರೆಯಲಿಲ್ಲ.

ಡಾಕ್ಟರಮ್ಮ, ಗೋಡೆಯ ಈಚೆ ನಾನು ಶೀಶೆ ಅಲ್ಲಾಡಿಸುತ್ತ ಏನು ಮಾಡುತ್ತಿದ್ದೆ? ಇಷ್ಟನ್ನೆಲ್ಲ ನೀವೊಬ್ಬರೇ ಹೊತ್ತುಕೊಂಡು ಕೂತಿದ್ದಿರಲ್ಲ. ನಿಮ್ಮನ್ನು ಒಂದು ದಿನವಾದರೂ ಚೆನ್ನಾಗಿದ್ದೀರಾ ಅಂತ ನಾನು ಕೇಳಿದ ನೆನಪಿಲ್ಲ.

ಜೂನ್ 19, ಬುಧವಾರ

ಎರಡು ಪೆಟ್ಟಿಗೆ ಇಳಿಸಿದೆ. ಚಾರ್ಟ್ ನಾಲ್ಕು ಸಲ ಸರಿಮಾಡಿದೆ. ಗ್ಯಾಸು. ಇನ್ನು ಬರೆಯಲಾಗುವುದಿಲ್ಲ.

ಜೂನ್ 22, ಶನಿವಾರ

ಮಿಕ್ಸ್ಚರ್ ಶೀಶೆ ಖಾಲಿ. ಹೊಸದು ಬೆರೆಸಿದೆ. ಒಂದು ಶೀಶೆ ನಾನೊಬ್ಬನೇ ಹದಿನೇಳು ದಿನದಲ್ಲಿ ಮುಗಿಸಿದ್ದೇನೆ. ಬೇರೆ ಯಾರಾದರೂ ಹೀಗೆ ಕುಡಿದಿದ್ದರೆ ಕಿವಿ ಹಿಂಡುತ್ತಿದ್ದೆ.

ಮೇಷ್ಟ್ರು ಬಂದಿದ್ದರು, ಮುಖ ಇಳಿದಿದೆ. ತಮ್ಮ ಕಾರ್ಡಿನ ಮೇಲರ್ಧ ಓದಿಸಿಕೊಂಡು ಹೊಟ್ಟೆ ಹಿಡಿದುಕೊಂಡು ನಕ್ಕರು. "ಕಾಯಿಲೆಗಿಂತ ಕಾಯಿಲೆಯ ವ್ಯಾಕರಣದ ಮೇಲೆ ಪ್ರೀತಿ. ಪಾಠ ಮುಗಿಯುವವರೆಗೆ ಕೇಳು. ಗಂಟೆ ಹೊಡೆಯಬೇಡ." ನಗುನಗುತ್ತ ಕನ್ನಡಕ ತೆಗೆದು ಒರೆಸಿದರು. "ನೀವೂ ಈಗೀಗ ಗಂಟೆ ಹೊಡೆಯೋದು ಬಿಟ್ಟಿದ್ದೀರಿ ಕಾಂಪೌಂಡರೇ" ಅಂದರು. ಏನು ಅದರ ಅರ್ಥವೋ. ಕೆಲಸ ನಿಧಾನವಾಗಿದೆ ಅಂತ ಇರಬೇಕು.

ಜೂನ್ 26, ಬುಧವಾರ

ಹುಡುಗ ಡಾಕ್ಟರು ಬಂದು ಬರೆದಿಟ್ಟ ಕಾರ್ಡು ನೋಡಿದರು. "ನಿಮ್ಮ ಅಕ್ಷರ ಅಚ್ಚು ಹಾಕಿದ ಹಾಗಿದೆ" ಅಂದರು. ಡ್ರೈವರನ ಹೆಂಡತಿಗೆ ಈಗ ವಾರಕ್ಕೊಂದು ದಿನ ಕೊನೆಯ ಪೇಷಂಟಾಗಿ ಬರಲು ಹೇಳಿದ್ದಾರಂತೆ, ಹಿಂದೆ ಯಾರೂ ಕಾಯಬಾರದು ಅಂತ. ಮಡಿಕೆಯ ವಿಷಯ, ಮೊದಲು ಕೇಳಿ ಆಮೇಲೆ ಓದುವ ವಿಷಯ, ಎಲ್ಲ ಹೇಳಿಕೊಟ್ಟಿದ್ದೆ. ಪಾಲಿಸುತ್ತಿದ್ದಾರೆ. ಪರವಾಗಿಲ್ಲ ಹುಡುಗ.

ಆಮೇಲೆ, "ಆ ಪೇಷಂಟ್ ಬರ್ಲೇ ಇಲ್ವಲ್ಲ ಸರ್? ಮೆಟ್ಟಿಲು ಹತ್ತಿದ್ರೆ ಎದೆ ಬಿಗಿಯುತ್ತೆ ಅಂದಿದ್ರಿ?"

"ಅವರು ಊರಿಗೆ ಹೋಗಿದ್ದಾರೆ" ಅಂದೆ.

"ಬಂದ ತಕ್ಷಣ ಕಳಿಸಿ. ತಮಾಷೆ ಅಲ್ಲ."

ಹುಡುಗ ಡಾಕ್ಟರು ಇನ್ನೂ ನನ್ನನ್ನೇ ನೋಡುತ್ತಿದ್ದರು. ನಾನು ಶೀಶೆ ತೊಳೆಯಲು ಎದ್ದೆ.

ಜೂನ್ 29, ಶನಿವಾರ

ಕೊನೆಯ ಪೆಟ್ಟಿಗೆ, ಕೊನೆಯ ಬೀದಿ, ಅಂದರೆ ನಮ್ಮದೇ ಬೀದಿ. ನಮ್ಮ ಮನೆಯ ಲಕೋಟೆ ಎತ್ತಿಕೊಂಡೆ. ನನ್ನವಳ ಕಾರ್ಡು, ಮದುವೆಯಾಗಿ ಹೋದ ಮಗಳ ಕಾರ್ಡು. ಎರಡೇ ಇರಬೇಕು. ನನಗೆ ಕಾರ್ಡೇ ಇಲ್ಲ, ಯಾವತ್ತೂ ಮಾಡಿಸಿಲ್ಲ. ಔಷಧಿ ಕೋಣೆಯೇ ನನ್ನ ಕೈಯಲ್ಲಿರುವಾಗ ಕಾರ್ಡು ಯಾಕೆ?

ಮೂರು ಇದ್ದವು.

ಮೂರನೆಯದರ ತಲೆಯಲ್ಲಿ ಹೆಸರಿನ ಜಾಗದಲ್ಲಿ "ನಮ್ಮ ಕಾಂಪೌಂಡರು" ಅಂತ ಇತ್ತು. ಮೇಲಿನದನ್ನು ಓದಲೇ ಅಂತ ನನ್ನನ್ನೇ ಕೇಳಿಕೊಂಡೆ. ಹೂಂ ಅಂದುಕೊಂಡು ಬಿಚ್ಚಿದೆ. ಓದಿದ್ದನ್ನು ಇದ್ದ ಹಾಗೆ ಇಳಿಸುತ್ತೇನೆ.

"ಇವರ ತಂದೆ ಐವತ್ತೆಂಟಕ್ಕೆ ಹೋದರು, ಮೆಟ್ಟಿಲು ಹತ್ತುವಾಗ. ಒಂದೇ ಸಲ ಹೇಳಿದ್ದಾರೆ, ಮತ್ತೆ ಆ ಮಾತೆತ್ತಿಲ್ಲ."

"ಮಗಳ ಮದುವೆ ಆದಾಗಿನಿಂದ ಸಂಜೆ ಮನೆಗೆ ಹೋಗಲು ಮನಸ್ಸಿಲ್ಲ. ತೊಳೆದ ಶೀಶೆಯನ್ನೇ ತೊಳೆಯುತ್ತಾರೆ. ತೊಳೆಯಲಿ. ನಾನೂ ಸ್ವಲ್ಪ ತಡವಾಗಿ ಹೊರಡುತ್ತೇನೆ."

"ತಮ್ಮ ತೊಂದರೆಯನ್ನು 'ಒಬ್ಬ ಪೇಷಂಟ್ ಕೇಳ್ತಿದ್ದರು' ಅಂತ ಕೇಳುತ್ತಾರೆ. ಆ ಪೇಷಂಟಿಗೆ ಹೇಳುವ ಹಾಗೇ ಉತ್ತರ ಹೇಳಬೇಕು."

"ದಾಸ್ತಾನು ಕೆಳಗೆ ಇಳಿಸಿದೆ. ಕೋಪ. ನಾಲ್ಕು ದಿನ."

"ಮೆಟ್ಟಿಲ ನಡುವೆ ನಿಂತು ಚಾರ್ಟ್ ಸರಿಮಾಡುತ್ತಾರೆ. ಚಾರ್ಟ್ ನೆಟ್ಟಗೇ ಇದೆ."

"ಕೇಳಿದರೆ ಗ್ಯಾಸ್ ಅನ್ನುತ್ತಾರೆ. ಎರಡನೆಯ ಸಲವೂ ಗ್ಯಾಸ್ ಅನ್ನುತ್ತಾರೆ. ಮೂರನೆಯ ಸಲ ಕೇಳಬೇಕು."

ಕೊನೆಯದು ಏಪ್ರಿಲ್ 20, ಶನಿವಾರ: "ಸೋಮವಾರ ಬೇಗ ಬರಹೇಳಿದ್ದೇನೆ. ಪೇಷಂಟುಗಳು ಬರುವ ಮುಂಚೆ ಇಸಿಜಿ. ಜಗಳವಾದರೂ ಸರಿ."

ಕೆಳಗಿನ ಅರ್ಧ ಪೂರ್ತಿ ಖಾಲಿ. ಅಲ್ಲಿ ಬರೆಯಲು ನಾನು ಅವರಿಗೆ ಅವಕಾಶವನ್ನೇ ಕೊಡಲಿಲ್ಲ.

ಎದ್ದು ಹೋಗಿ ಮೆಟ್ಟಿಲ ಹತ್ತಿರ ನಿಂತು ನೋಡಿದೆ. ಹೌದು, ಚಾರ್ಟ್ ನೆಟ್ಟಗೇ ಇದೆ. ಅಲ್ಲೇ ಕೆಳಮೆಟ್ಟಿಲ ಮೇಲೆ ಕೂತು ಅತ್ತೆ. ಅವರು ಹೋದ ದಿನವೂ ಇಷ್ಟು ಅತ್ತಿರಲಿಲ್ಲ. ನನಗೆ ಅವರು ಬೇಕು. ಕಿಟಕಿ ಕುಟ್ಟಿ, ಜಗಳವಾಡಿ, ಗದರಿಸಿ, ಇಪ್ಪತ್ತೊಂಬತ್ತು ವರ್ಷ ನನಗೆ ಗೊತ್ತಾಗದ ಹಾಗೆ ನನ್ನನ್ನು ನೋಡಿಕೊಂಡ ಆ ಮನುಷ್ಯರು ಬೇಕು.

ಜೂನ್ 30, ಭಾನುವಾರ

ಮನೆಯಲ್ಲೇ ಕೂತು ನನ್ನ ಕಾರ್ಡನ್ನು ದುಂಡಗೆ ಬರೆಯಲು ಶುರುಮಾಡಿದೆ. ಎಲ್ಲರದನ್ನೂ ಒಂದಕ್ಷರ ಬಿಡದೆ ಇಳಿಸಿದವನು ನನ್ನದಕ್ಕೆ ಬಂದಾಗ ತಡೆದೆ. ಆ "ಮೂರನೆಯ ಸಲ" ಅನ್ನುವ ಸಾಲನ್ನು ಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ? ಅವರ ಅಕ್ಷರ ಓದುವವನು ನಾನೊಬ್ಬನೇ. ಪೆನ್ನು ಹಿಡಿದು ಅದೆಷ್ಟು ಹೊತ್ತು ಕೂತಿದ್ದೆನೋ.

ನನ್ನವಳು ಹಿಂದಿನಿಂದ ಬಂದು ನಿಂತದ್ದೇ ತಿಳಿಯಲಿಲ್ಲ. "ಯಾರ ಕಾರ್ಡು ರೀ ಅದು?"

"ಒಬ್ಬ ಪೇಷಂಟ್‌ದು."

"ಗೊತ್ತು. ಆ ಪೇಷಂಟ್ ಜೊತೆ ಮೂವತ್ತೆರಡು ವರ್ಷ ಸಂಸಾರ ಮಾಡಿದ್ದೀನಿ" ಅಂದಳು. ನನ್ನ ಪೆನ್ನು ನಿಂತ ಜಾಗಕ್ಕೆ ಬೆರಳಿಟ್ಟಳು. "ಆ ಸಾಲೂ ಬರೀರಿ."

ಬರೆದೆ.

ಜುಲೈ 1, ಸೋಮವಾರ

ಏಳೂವರೆಗೆ ಆರೋಗ್ಯ ಕೇಂದ್ರದ ಬೆಂಚಿನ ಮೇಲೆ ಇದ್ದೆವು, ನಾನು ಮತ್ತು ನನ್ನವಳು. ಪೇಷಂಟಾಗಿ ಬೆಂಚಿನ ಮೇಲೆ ನಾನು ಕೂತದ್ದು ಇದೇ ಮೊದಲು. ಗಟ್ಟಿ ಇದೆ ಬೆಂಚು. ನಮ್ಮದೂ ಇಷ್ಟೇ ಗಟ್ಟಿ ಇದ್ದಿರಬೇಕು, ಆದರೂ ಜನ ಎದ್ದು ಹೋಗುತ್ತಿರಲಿಲ್ಲ.

ಹುಡುಗ ಡಾಕ್ಟರು ಬಂದು ನನ್ನನ್ನು ನೋಡಿ ಏನೂ ಆಶ್ಚರ್ಯಪಡಲಿಲ್ಲ. ಕಾರ್ಡು ತೆಗೆದುಕೊಂಡು, ಬಿಚ್ಚುವ ಮೊದಲು, "ಮೇಲಿನದನ್ನ ನಾನು ಓದ್ಲಾ ಸರ್?" ಅಂದರು.

"ಓದಿ. ಜೋರಾಗಿ ಓದ್ಬೇಡಿ" ಅಂದೆ.

ಓದಿದರು. ನಡುವೆ ಒಂದು ಕಡೆ ನಕ್ಕರು, ಚಾರ್ಟಿನ ಹತ್ತಿರ ಇರಬೇಕು. ಆಮೇಲೆ ನಗು ನಿಂತಿತು. ಕಾರ್ಡು ಕೆಳಗಿಟ್ಟು, "ಎದೆನೋವು ಎಷ್ಟು ದಿನದಿಂದ?" ಅಂದರು.

"ನೋವಲ್ಲ, ಗ್ಯಾಸು." ಬಾಯಿಯ ಅಭ್ಯಾಸ, ನನ್ನನ್ನು ಕೇಳದೆಯೇ ಬಂದುಬಿಟ್ಟಿತು.

"ಮೆಟ್ಟಿಲು ಹತ್ತುವಾಗ?"

"ಆಗಲೂ ಗ್ಯಾಸೇ."

ನನ್ನವಳು ನನ್ನ ಕೈ ಹಿಡಿದುಕೊಂಡಳು. ಹುಡುಗ ಡಾಕ್ಟರು ಅವಸರ ಮಾಡಲಿಲ್ಲ. ಪೆನ್ನನ್ನು ಮೇಜಿನ ಮೇಲೆ ಎರಡು ಸಲ ಕುಟ್ಟಿದರು. ಅವರಿಗೆ ಅದು ಗೊತ್ತಿರಲು ಸಾಧ್ಯವಿಲ್ಲ, ಆ ಸದ್ದಿನ ಬಗ್ಗೆ ನಾನು ಯಾರಿಗೂ ಹೇಳಿಲ್ಲ. ಸುಮ್ಮನೆ ಯೋಚಿಸುತ್ತ ಕುಟ್ಟಿದ್ದು. "ಊರಿಗೆ ಹೋಗಿದ್ದ ಆ ಪೇಷಂಟು ವಾಪಸ್ ಬಂದ್ರಾ ಸರ್? ಏನಂತಾರೆ ಅವರು?"

ಮೂರನೆಯ ಸಲ.

ಎಲ್ಲ ಹೇಳಿದೆ. ಪೆಟ್ಟಿಗೆ, ಮೆಟ್ಟಿಲು, ದವಡೆ, ಎಡಗೈ, ಅಪ್ಪ. ಅಪ್ಪನ ವಿಷಯ ಹೇಳುವಾಗ ನಿಲ್ಲಿಸಲು ಆಗಲಿಲ್ಲ. ಅವರು ಗಂಟೆ ಹೊಡೆಯಲಿಲ್ಲ.

ಇಸಿಜಿ ತೆಗೆದರು. ಗೆರೆಗಳನ್ನು ನೋಡಿ ಎರಡು ಕಡೆ ಫೋನ್ ಮಾಡಿದರು. ಇವತ್ತೇ ಹೃದಯದ ಆಸ್ಪತ್ರೆಗೆ ಸೇರಬೇಕು, ಒಂದು ಮೆಟ್ಟಿಲೂ ಹತ್ತುವ ಹಾಗಿಲ್ಲ. "ಇನ್ನು ಹದಿನೈದು ದಿನ ಮಿಕ್ಸ್ಚರ್ ಕುಡಿದಿದ್ರೆ ನಾನೇನೂ ಮಾಡೋ ಹಾಗಿರ್ಲಿಲ್ಲ. ಸರಿಯಾದ ಹೊತ್ತಿಗೆ ಬಂದ್ರಿ" ಅಂದರು. ನನ್ನವಳು ಗೋಡೆ ಕಡೆ ತಿರುಗಿ ಕಣ್ಣೊರೆಸಿಕೊಂಡಳು.

ಗಾಡಿ ಬರುವವರೆಗೆ ಬೆಂಚಿನ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಕಾರ್ಡು ಜೇಬಿನಲ್ಲಿದೆ. ಕೆಳಗಿನ ಅರ್ಧದಲ್ಲಿ ಮೊದಲ ಸಲ ಔಷಧಿ ಬಂದಿದೆ, ನಾಲ್ಕು ಮಾತ್ರೆ, ನೋಡಿಕೊಂಡೆ. ಮೇಲರ್ಧದಲ್ಲೂ ಬಹಳ ಹೊತ್ತು ಏನೋ ಬರೆದು ಮಡಿಸಿ ಕೊಟ್ಟರು. ಮೇಲಿನದೂ ಈಗ ನನ್ನದೇ, ಬಿಚ್ಚಿದರೆ ಯಾರೂ ಬೈಯುವವರಿಲ್ಲ. ಆದರೂ ಬಿಚ್ಚಿಲ್ಲ.

ಸೋಮವಾರ ಬೇಗ ಬನ್ನಿ ಅಂದಿದ್ದಿರಿ, ಡಾಕ್ಟರಮ್ಮ. ಬಂದೆ. ಹತ್ತು ವಾರ ತಡ, ಅಷ್ಟೆ.